ಕುರ್ಚಿಯಲ್ಲಿ ಕೂತವರು

"ಇವರಲ್ಲ," ಎಂದಳು ಫಾತಿಮಾ. ಚಿತ್ರ ನೋಡಿ ಫೋನನ್ನು ಮೇಜಿನ ಮೇಲೆ ಕವುಚಿಟ್ಟಳು. "ಇವರು ಚಾಯ ತಂದುಕೊಟ್ಟವರು. ರಕ್ತ ಕೊಟ್ಟವರು ಬೇರೆ."

ತಿರುವನಂತಪುರದ ತಂಪಾನೂರಿನಲ್ಲಿ, ರೈಲು ನಿಲ್ದಾಣದ ಎದುರಿನ ಚಹಾದಂಗಡಿಯ ಒಳಬದಿಯ ಮೇಜು. ಸುಮಿತ್ರ ಕುಲಕರ್ಣಿ ತಮ್ಮ ಲೋಟವನ್ನು ಎತ್ತಿ, ಕುಡಿಯದೆ ಮತ್ತೆ ಇಟ್ಟರು. ಕೊಚ್ಚಿಯಿಂದ ಬೆಳಗಿನ ಮೊದಲ ರೈಲು ಹಿಡಿದು ಬಂದದ್ದು ಈ ಒಂದು ವಾಕ್ಯಕ್ಕೆ. ಬೇಕಾದದ್ದು ಇಷ್ಟು ಬೇಗ ಸಿಕ್ಕಿದರೆ ಸಂಶಯಪಡುವುದು ಅವರ ಹಳೆಯ ಅಭ್ಯಾಸ.

ಅವರು ಧಾರವಾಡದವರು. ಬ್ಯಾಂಕಿನ ವಿಜಿಲೆನ್ಸ್ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದು, ಎರ್ನಾಕುಳಂ ಕಚೇರಿಯಿಂದ ನಿವೃತ್ತರಾಗಿ, ಊರಿಗೆ ಮರಳುವ ಬಗ್ಗೆ ಪ್ರತಿ ವರ್ಷ ಮಾತಾಡುತ್ತ ಕೊಚ್ಚಿಯಲ್ಲೇ ಉಳಿದವರು. ಖೊಟ್ಟಿ ಸಹಿ ಹಿಡಿಯುವುದರಲ್ಲಿ ಅವರಿಗೆ ಹೆಸರಿತ್ತು. ಗುಟ್ಟೇನೆಂದರೆ, ಅವರು ಸಹಿಯನ್ನು ಹೆಚ್ಚು ನೋಡುತ್ತಿರಲಿಲ್ಲ. ಸಹಿ ಬೀಳುವಾಗ ಕೋಣೆಯಲ್ಲಿ ಇನ್ನು ಯಾರಿದ್ದರು ಎಂದು ಕೇಳುತ್ತಿದ್ದರು.

ಇಲ್ಲಿ ಸಹಿಯ ಬದಲು ರಕ್ತ. ನಿವೃತ್ತ ಬಾಹ್ಯಾಕಾಶ ವಿಜ್ಞಾನಿ ಅಚ್ಯುತ ರೈ ಎಂಬವರ ಹೆಸರು ಅಂಟಿಸಿದ ಟ್ಯೂಬಿನಲ್ಲಿದ್ದದ್ದು ಅವರ ರಕ್ತವಲ್ಲ ಎಂದು ಅವರ ಹೆಂಡತಿ ಪ್ರೇಮ ಹೇಳುತ್ತಿದ್ದರು. ಆ ಟ್ಯೂಬನ್ನು ತುಂಬಿಸಿದವಳು, ಲ್ಯಾಬಿನ ಪರವಾಗಿ ಮನೆಮನೆಗೆ ಹೋಗುವ ಈ ಫಾತಿಮಾ.

ಆ ದಿನ ಉಳ್ಳೂರಿನ ರೈಗಳ ಮನೆಯಲ್ಲಿ ಇದ್ದದ್ದು ಇಬ್ಬರು ಹಿರಿಯರು ಎಂದು ಅವಳು ಹೇಳಿದಳು. ಒಬ್ಬರು ಕುರ್ಚಿಯಲ್ಲಿ ಕೂತು ತೋಳು ಚಾಚಿದ್ದರು. ಇನ್ನೊಬ್ಬರು ಅಡುಗೆಮನೆಯಿಂದ ಚಾಯ ತಂದರು. ಹೆಸರು, ಹುಟ್ಟಿದ ದಿನ ಕೇಳುವುದು ಅವಳ ನಿಯಮ. ಹೆಸರನ್ನು ಕುರ್ಚಿಯಲ್ಲಿದ್ದವರೇ ಹೇಳಿದರು, ಅಚ್ಯುತ ರೈ ಎಂದು. ಹುಟ್ಟಿದ ದಿನ ಕೇಳಿದಾಗ ಮಾತ್ರ ಉತ್ತರ ಬಂದದ್ದು ಚಾಯದ ತಟ್ಟೆಯ ಕಡೆಯಿಂದ.

"ಆಗ ನನಗೆ ನಗು ಬಂತು ಚೇಚಿ. ಮುದುಕರು, ಮರೆತಿರಬೇಕು ಅಂದುಕೊಂಡೆ."

ಗುರುತಿನ ಕಾರ್ಡು? ಇತ್ತು, ಮೇಜಿನ ಮೇಲೆಯೇ ಇತ್ತು. ಆದರೆ ಆಧಾರ್ ಕಾರ್ಡಿನ ಫೋಟೋ ಯಾರನ್ನು ಹೋಲುತ್ತದೆ? ಈ ವಿಷಯದಲ್ಲಿ ಸುಮಿತ್ರ ಅವರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ತಮ್ಮ ಕಾರ್ಡಿನಲ್ಲಿ ಅವರು ಆಗಷ್ಟೇ ಸಿಕ್ಕಿಬಿದ್ದ ಸರಗಳ್ಳಿಯಂತಿದ್ದರು.

ಕುರ್ಚಿಯಲ್ಲಿದ್ದವರ ಗುರುತು ಏನಾದರೂ? ಫಾತಿಮಾ ಸ್ವಲ್ಪ ಯೋಚಿಸಿದಳು. ಅವರು ಮೊದಲು ಎಡಗೈಯ ಅಂಗಿ ಮಡಚಿ, ಏನೋ ನೆನಪಾದವರಂತೆ ಮತ್ತೆ ಇಳಿಸಿ, ಬಲಗೈ ಕೊಟ್ಟರಂತೆ. ಅಷ್ಟರಲ್ಲಿ ಅವಳು ನೋಡಿದ್ದಳು: ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಸುಟ್ಟ ಕಲೆ, ಮುದುಡಿದ ಕಾಗದವನ್ನು ಮತ್ತೆ ಬಿಡಿಸಿದ ಹಾಗೆ.

ತನ್ನ ಹೆಸರು ಎಲ್ಲೂ ಬರಬಾರದು, ಕೆಲಸ ಹೋಗುತ್ತದೆ ಎಂದು ಅವಳು ಎದ್ದು ನಿಂತೇ ಹೇಳಿದಳು. ಸುಮಿತ್ರ ಮಾತು ಕೊಟ್ಟರು. ಇಂಥ ಮಾತುಗಳ ಆಯುಷ್ಯ ಎಷ್ಟೆಂದು ಬಲ್ಲವರಾದ್ದರಿಂದ ಸ್ವಲ್ಪ ತಡೆದೇ ಕೊಟ್ಟರು.

*

ಉಳ್ಳೂರಿನ ಕಡೆ ಆಟೋ ಹೋಗುತ್ತಿದ್ದಾಗ ಅವರಿಗೆ ಕಣ್ಣ ಮುಂದೆ ಇದ್ದದ್ದು ಕೊಚ್ಚಿಯ ಆಸ್ಪತ್ರೆಯ ಕಾರಿಡಾರು.

ಕನ್ನಡ ಕೂಟದ ಗುರುತಿನ ಮೇಲೆ ಅವರನ್ನು ಕರೆಸಿಕೊಂಡ ಪ್ರೇಮ ಅಲ್ಲಿ ಸ್ಟೀಲಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ಒಳಗೆ ಅವರ ಮಗಳು ಅಪೂರ್ವಾಳ ತೋಳಿಗೆ ಔಷಧ ಹನಿಹನಿಯಾಗಿ ಇಳಿಯುತ್ತಿತ್ತು. ಅಪೂರ್ವಾ ಕೊಚ್ಚಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಇನ್ನೂ ನಲವತ್ತು ಮುಟ್ಟಿಲ್ಲ. ಸ್ತನದ ಕ್ಯಾನ್ಸರ್. ಇಷ್ಟು ಎಳೆಯ ವಯಸ್ಸಿಗೆ ಬಂದದ್ದರಿಂದ ವೈದ್ಯರು ಅವಳ ಜೀನುಗಳನ್ನು ಪರೀಕ್ಷೆ ಮಾಡಿಸಿದರು. ಬಿಆರ್‌ಸಿಎ ಎರಡು ಎಂಬ ಜೀನಿನ ಒಂದು ಪ್ರತಿ ಕೆಟ್ಟಿತ್ತು.

ಆ ಜೀನು ಎಲ್ಲರಲ್ಲೂ ಇರುತ್ತದೆ, ಗಂಡಸರಲ್ಲೂ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಜೀವಕೋಶದೊಳಗೆ ಹರಿದದ್ದನ್ನು ಹೊಲಿಯುವ ದರ್ಜಿಯ ಕೆಲಸ ಅದರದ್ದು. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ ರೋಗ ಬಂದೇ ಬರುತ್ತದೆ ಎಂದಲ್ಲ. ಆದರೆ ಬೇರೆ ಹೆಂಗಸರಲ್ಲಿ ನೂರಕ್ಕೆ ಬೆರಳೆಣಿಕೆಯಷ್ಟು ಜನರಿಗೆ ಬರುವುದು, ಇವರಲ್ಲಿ ಬಾಳು ಮುಗಿಯುವುದರೊಳಗೆ ಅರ್ಧಕ್ಕೂ ಹೆಚ್ಚು ಜನರಿಗೆ ಬರುತ್ತದೆ. ಆ ಕೆಟ್ಟ ಪ್ರತಿ ಇದ್ದವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಇಳಿದು ಬರುವ ಸಾಧ್ಯತೆ ಸರಿಯಾಗಿ ಅರ್ಧ.

ಹಾಗಾದರೆ ಅಪೂರ್ವಾಳಿಗೆ ಇದು ಎಲ್ಲಿಂದ ಬಂತು? ಅಮ್ಮನನ್ನು ಪರೀಕ್ಷಿಸಿದರು: ಇಲ್ಲ. ಅಪ್ಪನ ರಕ್ತ ತಿರುವನಂತಪುರದಿಂದ ಹೋಯಿತು: ಇಲ್ಲ.

ಎರಡು 'ಇಲ್ಲ' ಸೇರಿದರೆ ಒಂದು ಪ್ರಶ್ನೆಯಾಗುತ್ತದೆ. ಆ ಪ್ರಶ್ನೆಯನ್ನು ಆಸ್ಪತ್ರೆಯವರು ಸಭ್ಯತೆಯಿಂದ ಕೇಳದೆ ಬಿಟ್ಟರು. ಅಪೂರ್ವಾ ಕೇಳಿದಳು, ಇಂಗ್ಲಿಷಿನಲ್ಲಿ. ತಾಯಿಯನ್ನು ತಾಯ್ನುಡಿಯಲ್ಲಿ ಕೇಳುವಂಥದ್ದಲ್ಲವಲ್ಲ ಅದು.

"ಆ ರಿಪೋರ್ಟು ಸುಳ್ಳು ಅಂತ ಗೊತ್ತಿರುವವಳು ಪ್ರಪಂಚದಲ್ಲಿ ನಾನು ಒಬ್ಬಳೇ ಮೇಡಂ," ಎಂದಿದ್ದರು ಪ್ರೇಮ. "ನನ್ನ ಹತ್ರ ಸಾಕ್ಷಿ ಎಂತದ್ದೂ ಇಲ್ಲ. ನಾನೇ ಸಾಕ್ಷಿ. ನನ್ನ ಮಾತಿಗೆ ಯಾವ ಲ್ಯಾಬು ಸೀಲು ಹಾಕ್ತದೆ?"

ಅತ್ತಿರಲಿಲ್ಲ. ಮಂಜೇಶ್ವರದ ಬಂಟರ ಮನೆತನದ ಹೆಣ್ಣು. ಅಳುವುದನ್ನು ಮನೆಗೆ ಹೋದ ಮೇಲೆ ಮಾಡುವ ಕೆಲಸಗಳ ಜೊತೆ ಇಟ್ಟುಕೊಂಡಂತಿತ್ತು.

ಅವರು ತಮ್ಮ ತಪ್ಪನ್ನೂ ಹೇಳಿದ್ದರು. ಮೊದಲ ದಿನ ಕೌನ್ಸೆಲರ್ ಹುಡುಗಿ ಕುಟುಂಬದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಕೇಳಿದಾಗ, ಪ್ರೇಮ ಧೈರ್ಯವಾಗಿ ಇಲ್ಲ ಎಂದಿದ್ದರು. ತಾಯಿ, ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರು, ಎಲ್ಲರೂ ನೆಟ್ಟಗೆ ಬಾಳಿ ಹೋದವರು. ಗಂಡನ ತಂಗಿ ಕೌಸಲ್ಯಾಳ ಹೆಸರು ಬಾಯಿಗೆ ಬರಲೇ ಇಲ್ಲ. ಅಡಗಿಸಿಟ್ಟದ್ದಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಕುಟುಂಬವೆಂದರೆ ತಾಯಿಯ ಕಡೆಯದು; ಮಕ್ಕಳು ಅಮ್ಮನ ತರವಾಡಿಗೆ, ಎಂದರೆ ಮೂಲಮನೆಗೆ, ಸೇರಿದವರು. ಗಂಡ ಮತ್ತು ಗಂಡನ ತಂಗಿ ಬೇರೊಂದು ತರವಾಡು. ಕೌಸಲ್ಯಾ ನಾದಿನಿ ನಿಜ. ಆದರೆ ಕುಟುಂಬ ಅಂದರೆ ಅವಳು ಹೇಗಾದಾಳು?

ಜೀನುಗಳು ಈ ಕಟ್ಟನ್ನು ಓದಿಕೊಂಡಿರಲಿಲ್ಲ.

ಕೌಸಲ್ಯಾ ನಲವತ್ತರೊಳಗೆ ತೀರಿಕೊಂಡವಳು. ಕೊಚ್ಚಿಯ ಪಕ್ಕದ ಏಲೂರಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಅವಳ ಗಂಡ ಉಪೇಂದ್ರ ಶೆಟ್ಟಿ ಕೆಲಸಕ್ಕಿದ್ದರು. ಎದೆಯ ಗಂಟು ಎಂಬ ಮಾತು ಮನೆಯ ಹೊರಗೆ ಹೋಗಲಿಲ್ಲ. ಹೋದದ್ದು 'ಏಲೂರಿನ ಗಾಳಿ' ಎಂಬ ಮಾತು. ಕಾರ್ಖಾನೆಯ ಹೊಗೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ನಂಬಲು ಏನೂ ಕಷ್ಟವಿರಲಿಲ್ಲ. ಅವಳಿಗೆ ಒಬ್ಬಳೇ ಮಗಳು, ಪ್ರತೀಕ್ಷಾ. ಈಗ ಮೂವತ್ತರ ಹತ್ತಿರ. ಬರುವ ವಾರ ಅವಳ ಮದುವೆ.

ಅಪೂರ್ವಾಳ ಸುದ್ದಿ ತಿಳಿದಾಗ ಪ್ರತೀಕ್ಷಾ ತಾನೂ ಪರೀಕ್ಷೆ ಮಾಡಿಸುವುದಾಗಿ ಆಸ್ಪತ್ರೆಯಲ್ಲಿ ಹೆಸರು ಕೊಟ್ಟಿದ್ದಳು. ಸೋದರಮಾವನ ರಿಪೋರ್ಟು 'ಇಲ್ಲ' ಎಂದು ಬಂದ ದಿನ ಹೆಸರು ಹಿಂತೆಗೆದುಕೊಂಡಳು. ಮಾವನಲ್ಲಿ ಇಲ್ಲ ಎಂದರೆ ಅಪೂರ್ವಾಳದ್ದು ಆ ಕಡೆಯಿಂದ ಬಂದದ್ದಲ್ಲ. ಅಮ್ಮನದ್ದು ಏಲೂರಿನ ಗಾಳಿಯೇ. ಲೆಕ್ಕ ಅಚ್ಚುಕಟ್ಟಾಗಿತ್ತು, ಟ್ಯೂಬೊಂದನ್ನು ಬಿಟ್ಟು.

"ನನ್ನ ಮಾನ ಹೋದ್ರೆ ಹೋಗ್ಲಿ," ಎಂದಿದ್ದರು ಪ್ರೇಮ. "ಆ ಹುಡುಗಿ ಆ ಕಾಗದವನ್ನು ತಾಯಿತದ ಹಾಗೆ ಕಟ್ಟಿಕೊಂಡು ಓಡಾಡ್ತಾ ಉಂಟು."

ಆಮೇಲೆ ಹೇಳಿದ್ದು ತೋಳಿನ ಮಾತು. ಅಚ್ಯುತ ರೈಗಳು ಹೃದಯದ ಬಡಿತಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಸಕ್ಕರೆ ನೋಡಲು ಒಂದು ಸೂಜಿ ಚುಚ್ಚಿದರೂ ತೋಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ವಾರಗಟ್ಟಲೆ ಹಾಗೇ ಇರುತ್ತದೆ. ಟ್ಯೂಬಿಗೆ ರಕ್ತ ಕೊಟ್ಟರೆಂದು ಹೇಳಿದ ಕೆಲವೇ ದಿನಗಳಲ್ಲಿ ಕೊಚ್ಚಿಗೆ ಬಂದಾಗ ಆ ತೋಳುಗಳು ಮದುಮಗನ ತೋಳಿನ ಹಾಗಿದ್ದವು.

ಅಷ್ಟರಲ್ಲಿ ಉಪೇಂದ್ರ ಶೆಟ್ಟರು ಎಳನೀರು ಹಿಡಿದು ಕಾರಿಡಾರಿನಲ್ಲಿ ಬಂದಿದ್ದರು. ಮಾತು ಕಡಿಮೆಯ ಮನುಷ್ಯ. ಕೊಚ್ಚಿಯ ಸೆಖೆಯಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಸಹಿತ. ಅಪೂರ್ವಾಳಿಗೆಂದು ತಂದದ್ದನ್ನು ಬೆಂಚಿನ ಮೇಲಿಟ್ಟು, ಪ್ರೇಮ ಅವರ ಮುಖ ನೋಡದೆ ಹೊರಟುಹೋಗಿದ್ದರು. ಪ್ರೇಮ ಅವರ ಮುಖ ನೋಡದವರು ಆ ದಿನಗಳಲ್ಲಿ ಬಹಳ ಮಂದಿ ಇದ್ದುದರಿಂದ ಸುಮಿತ್ರ ಅದಕ್ಕೆ ಹೆಚ್ಚಿನ ಅರ್ಥ ಕೊಟ್ಟಿರಲಿಲ್ಲ.

*

ಅಚ್ಯುತ ರೈಗಳ ಮನೆಯ ಹಜಾರದಲ್ಲಿ ಮದುವೆಯ ಆಮಂತ್ರಣ ಪತ್ರಿಕೆಗಳ ಕಟ್ಟುಗಳಿದ್ದವು. ಗೋಡೆಯ ಮೇಲೆ ರಾಕೆಟ್ಟೊಂದು ಏರುತ್ತಿತ್ತು, ಚೌಕಟ್ಟಿನೊಳಗೆ. ಕಿಟಕಿಯ ಪಕ್ಕ ಒಂದು ಬೆತ್ತದ ಕುರ್ಚಿ. ಸುಮಿತ್ರ ಬೇರೆಲ್ಲೂ ಕೂರದೆ ಅದರಲ್ಲೇ ಕೂತರು.

ರೈಗಳು ಎತ್ತರದ, ಬೆನ್ನು ಬಗ್ಗದ ಮನುಷ್ಯ. ಮಾತು ತೂಕದ್ದು. ಚಾಯ ಬೇಕೇ ಎಂದು ಕೇಳಿದರು. ಸುಮಿತ್ರ ಬೇಡವೆಂದರು, ಈ ಮನೆಯ ಚಾಯದ ಬಗ್ಗೆ ಆಗಲೇ ಸಾಕಷ್ಟು ಸಾಕ್ಷಿ ಕೇಳಿಯಾಗಿತ್ತು.

"ಪ್ರೇಮ ಕಳಿಸಿದ್ದಾ ನಿಮ್ಮನ್ನು?"

"ಹೌದ್ರಿ."

"ನೀವು ಬ್ಯಾಂಕಿನವರು. ಎಂತ ಆದ್ರೂ ನಿಮಗೆ ಒಬ್ಬ ಕಳ್ಳ ಬೇಕು."

"ನೀವು ರಾಕೆಟ್ಟಿನವರು. ನಿಮಗ ಒಂದು ಕಾರಣ ಬೇಕಾಗ್ತಿತ್ತಲ್ಲ, ಅದು ಬಿದ್ದಾಗ."

ರೈಗಳು ನಗಲಿಲ್ಲ, ಆದರೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಸೇವೆಯಲ್ಲಿದ್ದಾಗ ಅವರ ಹೆಸರು ಇದ್ದದ್ದೇ ಅದಕ್ಕೆ. ಉಡಾವಣೆ ವಿಫಲವಾದಾಗ ಯಾಕೆ ಎಂದು ಹುಡುಕುವ ಸಮಿತಿಗಳಲ್ಲಿ ಅವರು ಇರುತ್ತಿದ್ದರು. ಸಮುದ್ರಕ್ಕೆ ಬಿದ್ದದ್ದರ ಕಥೆಯನ್ನು ದಂಡೆಯಲ್ಲಿ ಕೂತು ಕಟ್ಟುವುದು ಅವರ ವೃತ್ತಿಯಾಗಿತ್ತು.

ಈಗಲೂ ಅವರ ಬಳಿ ವಿವರಣೆ ಸಿದ್ಧವಾಗಿತ್ತು. ಅಪ್ಪನಲ್ಲೂ ಇಲ್ಲದೆ ಅಮ್ಮನಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟುವ ವ್ಯತ್ಯಾಸಗಳುಂಟು. ಬೀಜ ಕಟ್ಟುವ ಹೊತ್ತಿನಲ್ಲಿ ಆಗುವ ನಕಲಿನ ತಪ್ಪು. ಈ ಜೀನಿನಲ್ಲಿ ಅದು ತೀರ ವಿರಳ, ಆದರೆ ಇಲ್ಲವೆನ್ನುವಂತಿಲ್ಲ. ಅಪೂರ್ವಾಳದ್ದು ಅಂಥದ್ದು ಎಂದು ಅವರು ಶಾಂತವಾಗಿ ಹೇಳಿದರು. ಯಾರ ತಪ್ಪೂ ಅಲ್ಲ.

"ವಿರಳ ಅಂತ ನೀವ ಅಂದ್ರಿ. ಜನ ವಿರಳ ಆದದ್ದನ್ನ ನಂಬೂದಿಲ್ರಿ. ಭಾಳ ಸಾಮಾನ್ಯ ಆದದ್ದನ್ನ ನಂಬ್ತಾರ. ಪ್ರೇಮಾ ಅವರ ಬಗ್ಗೆ ಏನು ನಂಬ್ಯಾರ ಅಂತ ನಿಮಗ ಗೊತ್ತದ."

"ನಾನು ಅವಳ ಬಗ್ಗೆ ಒಂದು ಮಾತೂ ಆಡ್ಲಿಲ್ಲ."

"ಒಂದು ಮಾತೂ ಆಡಲಿಲ್ಲ. ಅದನ್ನ ನಾನೂ ಹೇಳಾಕ ಬಂದೀನಿ."

ಹೊರಗೆ ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು. ರೈಗಳು ಅದು ದೂರವಾಗುವವರೆಗೂ ಕಾದರು. ಬೇಕಾದರೆ ಲ್ಯಾಬಿನವರನ್ನೇ ಕೇಳಬಹುದು, ಅವರ ಹುಡುಗಿ ಈ ಮನೆಗೇ ಬಂದು ರಕ್ತ ತೆಗೆದದ್ದು ಎಂದರು.

ಇಲ್ಲಿ ಫಾತಿಮಾಳ ಹೆಸರು ಹೇಳಿದ್ದರೆ ಕೆಲಸ ಒಂದೇ ಮಾತಿಗೆ ಮುಗಿಯುತ್ತಿತ್ತು. ಸುಮಿತ್ರ ಹೇಳಲಿಲ್ಲ. ಚೀಲದಿಂದ ಫೋನು ತೆಗೆದು, ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದ ಒಂದು ಚಿತ್ರವನ್ನು ಅವರ ಮುಂದೆ ಹಿಡಿದರು.

ಪದ್ಮನಾಭಸ್ವಾಮಿ ದೇವಸ್ಥಾನದ ಹೊರಗಿನ ಮೆಟ್ಟಿಲು. ಕೂಟದ ಹಿರಿಯರೆಲ್ಲ ಸಾಲಾಗಿ ನಿಂತಿದ್ದರು. ಆ ಗುಡಿಯೊಳಗೆ ಗಂಡಸರು ಅಂಗಿ ಹಾಕುವಂತಿಲ್ಲ. ಮುಂಡು ಉಟ್ಟು, ಬರಿಮೈಯಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು. ನಡುವೆ ಅಚ್ಯುತ ರೈ. ಎರಡೂ ತೋಳುಗಳನ್ನು ಸೇರಿಸಿ ಕೈ ಮುಗಿದಿದ್ದರು.

"ಇದು ಕೆಲವು ತಿಂಗಳ ಹಿಂದಿನ ಭಾನುವಾರದ್ದು. ಟ್ಯೂಬಿನ ಮ್ಯಾಲೆ ಇರೋ ತಾರೀಖು ಅದರ ಹಿಂದಿನ ಶುಕ್ರವಾರ," ಎಂದರು ಸುಮಿತ್ರ. "ಚಿತ್ರ ದೊಡ್ಡದು ಮಾಡಿ ನೋಡ್ರಿ. ನಿಮ್ಮ ತೋಳಿನ ಮ್ಯಾಲೆ ಒಂದು ಚುಕ್ಕಿ ಹುಡುಕಿ ಕೊಡ್ರಿ. ನಾನು ಎದ್ದು ಹೋಗ್ತೀನಿ."

ರೈಗಳು ಚಿತ್ರವನ್ನು ದೊಡ್ಡದು ಮಾಡಲಿಲ್ಲ. ಫೋನನ್ನು ತೆಗೆದುಕೊಳ್ಳಲೂ ಇಲ್ಲ. ಬಹಳ ಹೊತ್ತು ತಮ್ಮ ತೋಳನ್ನೇ ನೋಡಿದರು, ಬೇರೆಯವರದ್ದನ್ನು ನೋಡುವ ಹಾಗೆ.

"ದೇವರ ಎದುರು ಅಂಗಿ ತೆಗೆಯುವಾಗ ಇದು ಹೊಳೆಯಲಿಲ್ಲ," ಎಂದರು ಕೊನೆಗೆ.

ಆಮೇಲೆ ಅವರು ಹೇಳಿದ್ದನ್ನು ಸುಮಿತ್ರ ಅಡ್ಡಿಮಾಡದೆ ಕೇಳಿದರು. ಅವರ ವೃತ್ತಿಯಲ್ಲಿ ತಪ್ಪೊಪ್ಪಿಗೆಗಳು ಸಾಮಾನ್ಯವಾಗಿ ಅಳುವಿನಿಂದಲೋ ವಕೀಲರ ಹೆಸರಿನಿಂದಲೋ ಶುರುವಾಗುತ್ತಿದ್ದವು. ಇದು ಮದುವೆ ಪತ್ರಿಕೆಗಳ ಕಟ್ಟೊಂದನ್ನು ಬಿಚ್ಚಿ ತೋರಿಸುವುದರಿಂದ ಶುರುವಾಯಿತು. ಆಮಂತ್ರಣದ ಕೆಳಗೆ ಮೊದಲ ಹೆಸರು ಹುಡುಗಿಯ ಅಪ್ಪನದ್ದಲ್ಲ, ಸೋದರಮಾವನದ್ದು.

ಕೌಸಲ್ಯಾ ಹೋದ ಮೇಲೆ ಪ್ರತೀಕ್ಷಾ ಅವರ ಹೊಣೆ. ಅವರ ಕಡೆಯಲ್ಲಿ ಗಂಡಸಿಗೆ ತನ್ನ ಮಕ್ಕಳು ಹೆಂಡತಿಯ ತರವಾಡಿನವರು. ತಂಗಿಯ ಮಗಳು ತನ್ನ ತರವಾಡಿನವಳು. ಸೋದರಸೊಸೆಯ ಮದುವೆ ಮಾಡಿಸದ ಮಾವ ಊರಿನಲ್ಲಿ ತಲೆ ಎತ್ತಿ ನಡೆಯುವಂತಿಲ್ಲ. ಮಂಗಳೂರಿನ ಗಂಡಿನ ಮನೆಯವರು ನೋಡಲು ಬಂದಾಗ ಕೇಳಿದ್ದು ಒಂದೇ ಪ್ರಶ್ನೆ, ಹುಡುಗಿಯ ತಾಯಿ ತೀರಿಹೋದದ್ದು ಹೇಗೆ ಎಂದು. ಏಲೂರಿನ ಗಾಳಿ ಎಂದರು. ಅವರು ತಲೆದೂಗಿದರು. ಗಾಳಿ ವಂಶದಲ್ಲಿ ಬರುವುದಿಲ್ಲವಲ್ಲ.

"ಅಷ್ಟೊತ್ತಿಗೆ ಮಗಳು ಅಪ್ಪೂದು ಗೊತ್ತಾಯ್ತು. ನನ್ನ ರಕ್ತ ಕೇಳಿದ್ರು. ಅದರಲ್ಲಿ ಎಂತ ಬರ್ತದೆ ಅಂತ ನನಗೆ ಟ್ಯೂಬು ತುಂಬುವ ಮೊದಲೇ ಗೊತ್ತಿತ್ತು. ನನ್ನಲ್ಲಿ ಇದ್ರೆ ಕೌಸಲ್ಯಾಳಲ್ಲೂ ಇತ್ತು. ಅವಳಲ್ಲಿ ಇದ್ರೆ..." ಅವರು ವಾಕ್ಯವನ್ನು ಅಲ್ಲೇ ಬಿಟ್ಟರು. "ಮದುವೆ ಒಂದು ಮುಗೀಲಿ ಅಂತ ಇದ್ದೆ. ಮುಗಿದ ಮೇಲೆ ನಾನೇ ಎಲ್ಲರಿಗೂ ಹೇಳುವವನಿದ್ದೆ. ಪ್ರೇಮಳಿಗೂ."

"ಪ್ರೇಮಾ ಅವರಿಗೆ ಏನಂತ ಹೇಳೋವ್ರಿದ್ರಿ?"

ಮಗಳನ್ನು ಹೆತ್ತು ಸಾಕಿದವಳ ಸೆರಗಿಗೆ ಮಸಿ ಬಳಿದು, ಮದುವೆ ಮುಗಿಯುವವರೆಗೆ ಹಾಗೇ ಇರು ಎನ್ನುವ ಮಾತಿಗೆ ತೂಕದ ಪದಗಳು ಸಿಕ್ಕುವುದು ಕಷ್ಟ.

ಅವರು ಕೆಟ್ಟವರಲ್ಲ ಎಂದು ಸುಮಿತ್ರ ಅವರಿಗೆ ಅನ್ನಿಸಿತು, ಮತ್ತು ಅದರಿಂದ ಏನೂ ಹಗುರವಾಗಲಿಲ್ಲ. ಕೌಸಲ್ಯಾಳ ಕೊನೆಯ ವರ್ಷದ ಮಾತನ್ನು ರೈಗಳು ಆಗ ತಾವಾಗಿ ಎತ್ತಿದರು. ಏಲೂರಿನ ಮನೆಯಲ್ಲಿ ಕಾರ್ಖಾನೆಯ ದಿಕ್ಕಿಗಿದ್ದ ಕಿಟಕಿಗೆ ಅವಳು ಮೊಳೆ ಹೊಡೆಸಿದ್ದಳು. ಮಗಳ ಮಂಚವನ್ನು ಆ ಗೋಡೆಯಿಂದ ಈಚೆ ಎಳೆಸಿದ್ದಳು. ತನಗೆ ತಗಲಿದ್ದು ಮಗುವಿಗೆ ತಗಲಬಾರದು ಎಂದು. ಆ ಮೊಳೆಗಳು ಈಗಲೂ ಹಾಗೇ ಇವೆ.

"ಅವಳು ಹೊಡೆಸಿದ ಮೊಳೆ ಕೀಳುವ ಧೈರ್ಯ ನನಗಿಲ್ಲ ಮಾರಾಯ್ರೆ."

"ಅಕಿ ಕಿಟಕಿ ಮುಚ್ಚಿದ್ದು ಮಗಳನ್ನ ಉಳಿಸಾಕ," ಎಂದರು ಸುಮಿತ್ರ ನಿಧಾನವಾಗಿ. "ಬಾಗಿಲು ಬ್ಯಾರೆ ಕಡೆ ಅದ ಅಂತ ಅಕಿಗೆ ಗೊ‌ತ್ತಿರಲಿಲ್ಲ. ನಿಮಗ ಗೊತ್ತದ."

ಪ್ರತೀಕ್ಷಾಳಲ್ಲಿ ಅದು ಇರಲೂಬಹುದು, ಇಲ್ಲದಿರಲೂಬಹುದು, ಸರಿಯಾಗಿ ಅರ್ಧ ಅರ್ಧ, ಎಂದು ರೈಗಳು ವಾದಿಸಿದರು. ಇದ್ದರೂ ಅದು ರೋಗವಲ್ಲ, ಅಪಾಯ ಮಾತ್ರ. ಒಂದು ವಾರದಲ್ಲಿ ಆಕಾಶ ಬೀಳುವುದಿಲ್ಲ. ಸುಮಿತ್ರ ಒಪ್ಪಿದರು. ಅಪಾಯ ಗೊತ್ತಿದ್ದವರಿಗೆ ವರ್ಷವರ್ಷದ ಸ್ಕ್ಯಾನಿದೆ, ಮಾತ್ರೆಯಿದೆ, ಬೇಕೆಂದರೆ ಶಸ್ತ್ರಕ್ರಿಯೆಯೂ ಇದೆ. ಕೌನ್ಸೆಲರ್ ಹುಡುಗಿ ಅವರಿಗೆ ಅದನ್ನೆಲ್ಲ ಹೇಳಿದ್ದಳು. ಗೊತ್ತಿಲ್ಲದವರಿಗೆ ಇರುವುದು ಒಂದೇ, ನಂಬಿಕೆ.

"ಒಂದು ಕೇಳ್ತೀನಿ, ಹೇಳ್ರಿ. ಹಿಂದಿನ ರಾಕೆಟ್ಟು ಯಾಕ ಬಿತ್ತು ಅನ್ನೂದನ್ನ ಮುಂದಿನದು ಹಾರೋಕಿಂತ ಮೊದಲ ಹೇಳ್ತಿದ್ರ್ಯೋ, ಹಾರಿದ ಮ್ಯಾಲೋ?"

ರೈಗಳು ಗೋಡೆಯ ಕಡೆ ನೋಡಿದರು. ಚೌಕಟ್ಟಿನ ರಾಕೆಟ್ಟು ಏರುತ್ತಲೇ ಇತ್ತು.

ಎದ್ದು ಹೋಗಿ ತಮ್ಮ ಫೋನು ತಂದರು.

*

ಪ್ರತೀಕ್ಷಾ ಏಲೂರಿನಲ್ಲಿ ಹುಟ್ಟಿ ಬೆಳೆದವಳು. ಮಾವ ಕನ್ನಡದಲ್ಲಿ ಮಾತಾಡುವುದು, ಅವಳು ಮಲಯಾಳದಲ್ಲಿ ಉತ್ತರಿಸುವುದು ಅವರಿಬ್ಬರ ಹಳೆಯ ಒಪ್ಪಂದ. ಅವರನ್ನು ಅವಳು ಕರೆಯುತ್ತಿದ್ದದ್ದೂ ಆ ಊರಿನ ರೀತಿಯಲ್ಲೇ, ಅಮ್ಮಾವಾ ಎಂದು.

ಸ್ಪೀಕರಿನಲ್ಲಿ ಮೊದಲು ಬಂದದ್ದು ಮನೆಯ ಸದ್ದು, ಪಾತ್ರೆ, ಯಾರದೋ ಕೆಮ್ಮು. ಬಳೆಗಾರನ ವಿಷಯ, ಸೀರೆಗೆ ಫಾಲ್ಸ್ ಹಾಕಿಕೊಡಬೇಕಾದವಳು ಕೈಕೊಟ್ಟ ವಿಷಯ ಅವಳು ಒಂದೇ ಉಸಿರಿಗೆ ಹೇಳಿದಳು. ಹೆಂಗಸೊಬ್ಬರು ಜೊತೆಗಿದ್ದಾರೆ, ಪ್ರೇಮಳ ಗುರುತಿನವರು, ಎಂದು ರೈಗಳು ಹೇಳಿದಾಗ ಆ ಉಸಿರು ನಿಂತಿತು.

"ಆ ರಿಪೋರ್ಟು ಉಂಟಲ್ಲ ಮಗಾ, ನನ್ನದು," ಎಂದರು ರೈಗಳು. ಸಮಿತಿಯ ಮುಂದೆ ಓದುವ ದನಿ ತಂದುಕೊಳ್ಳಲು ನೋಡಿದರು, ಅದು ಬರಲಿಲ್ಲ. "ಅದು ನನ್ನ ರಕ್ತ ಅಲ್ಲ. ನಾನು ಕೊಡ್ಲಿಲ್ಲ."

ಆ ಕಡೆ ಪಾತ್ರೆಯ ಸದ್ದು ನಿಂತಿತು. ಅವಳು ಬೇರೆ ಕಡೆಗೆ ನಡೆದು ಹೋಗಿರಬೇಕು.

"ಪ್ರೇಮ ಅತ್ತೆ ನನಗೆ ಫೋನ್ ಮಾಡಿದ್ದರು," ಎಂದಳು ಪ್ರತೀಕ್ಷಾ. "ರಿಪೋರ್ಟು ಬಂದ ಮಾರನೆಯ ದಿನ. ಅದು ಸುಳ್ಳು, ಹೋಗಿ ಪರೀಕ್ಷೆ ಮಾಡಿಸು ಅಂದರು. ನಾನು ನಂಬಲಿಲ್ಲ ಅಮ್ಮಾವಾ. ಅವರು ತಮ್ಮ ಮುಖ ಉಳಿಸಿಕೊಳ್ಳಲಿಕ್ಕೆ ಹೇಳ್ತಿದ್ದಾರೆ ಅಂದುಕೊಂಡೆ. ಅವರ ಬಗ್ಗೆ ಹಾಗೆ ಅಂದುಕೊಳ್ಳೋದು ನನಗೆ ಸುಲಭವಾಗಿತ್ತು."

ರೈಗಳು ಕಣ್ಣು ಮುಚ್ಚಿದರು.

"ಇನ್ನೊಂದಿದೆ. ಇದನ್ನು ಯಾರಿಗೂ ಹೇಳಿಲ್ಲ. ಎರಡು ತಿಂಗಳ ಹಿಂದೆ ಸ್ನಾನ ಮಾಡುವಾಗ ಕೈಗೆ ಒಂದು ಗಂಟು ಸಿಕ್ಕಿತು. ಕಡಲೆಕಾಳಿನಷ್ಟು. ಡಾಕ್ಟರ ಹತ್ತಿರ ಹೋದೆ. ಮನೆಯಲ್ಲಿ ಯಾರಿಗಾದರೂ ಇತ್ತಾ ಕೇಳಿದರು. ನಿಮ್ಮ ರಿಪೋರ್ಟು ಫೋನಿನಲ್ಲೇ ಇತ್ತು, ತೋರಿಸಿದೆ. ಹಾಗಾದರೆ ಹೆದರುವಂಥದ್ದಲ್ಲ, ಈ ವಯಸ್ಸಿನಲ್ಲಿ ಇಂಥದ್ದು ಇರ್ತದೆ, ಮದುವೆ ಮುಗಿಸಿಕೊಂಡು ಸ್ಕ್ಯಾನಿಗೆ ಬನ್ನಿ ಅಂದರು."

"ಈಗ?" ಎಂದು ಕೇಳಿದವರು ಸುಮಿತ್ರ. ರೈಗಳಿಂದ ಆಗಲಿಲ್ಲ.

"ಈಗಲೂ ಇದೆ. ಕಡಲೆಯಷ್ಟಲ್ಲ."

ಇಂದೇ ಆಸ್ಪತ್ರೆಗೆ ಹೋಗು, ನಾನು ಹೊರಟು ಬರುತ್ತೇನೆ, ಮದುವೆ ಹಾಳಾಗಿ ಹೋಗಲಿ ಎಂದು ರೈಗಳು ಏನೇನೋ ಹೇಳಿದರು. ವಾಕ್ಯಗಳು ಒಂದರ ಮೇಲೊಂದು ಬೀಳುತ್ತಿದ್ದವು. ಪ್ರತೀಕ್ಷಾ ಅವು ಮುಗಿಯುವವರೆಗೆ ಕಾದಳು. ಕೇಳಬೇಕಾದದ್ದನ್ನು ಅವಳು ಆಗಲೇ ಆರಿಸಿಕೊಂಡಿದ್ದಳು.

"ಅಮ್ಮಾವಾ, ಅದು ನಿಮ್ಮ ರಕ್ತ ಅಲ್ಲ ಅಂದರೆ ಯಾರದ್ದು?"

ರೈಗಳು ಸುಮಿತ್ರ ಅವರ ಕಡೆ ನೋಡಿದರು. ಆ ಕುರ್ಚಿಯ ಕಡೆ ನೋಡಿದರು. "ಒಬ್ಬರು... ಸ್ನೇಹಿತರು. ನಿನಗೆ ಗೊತ್ತಿಲ್ಲ."

ಸುಳ್ಳಿನ ಇನ್ನೊಂದು ಟ್ಯೂಬು ತುಂಬುತ್ತಿತ್ತು. ಫಾತಿಮಾಳಿಗೆ ಕೊಟ್ಟ ಮಾತನ್ನು ಸುಮಿತ್ರ ಒಮ್ಮೆ ಮನಸ್ಸಿನಲ್ಲೇ ಎತ್ತಿ ನೋಡಿದರು. ಅದು ಮಧ್ಯಾಹ್ನದವರೆಗೂ ಬಾಳಲಿಲ್ಲ.

"ನನಗೂ ಹೆಸರು ಗೊತ್ತಿಲ್ಲಮ್ಮಾ," ಎಂದರು ಫೋನಿನ ಕಡೆ ಬಾಗಿ. "ಆದರ ಅವರ ಕೈ ಮ್ಯಾಲೆ ಒಂದು ಹಳೆ ಸುಟ್ಟ ಕಲೆ ಅದ. ಮಣಿಕಟ್ಟಿನಿಂದ ಮೊಣಕೈ ತನಕ."

ರೈಗಳ ಮುಖದಿಂದ ರಕ್ತ ಇಳಿದುಹೋಯಿತು. ಅದು ಮಾತ್ರ ನಿಸ್ಸಂದೇಹವಾಗಿ ಅವರದ್ದೇ.

ಆಮೇಲೆ ಪ್ರತೀಕ್ಷಾ ಮಾತಾಡಿದಳು, ಆ ಬೆಳಗ್ಗೆ ಮೊದಲ ಸಲ ಕನ್ನಡದಲ್ಲಿ, ತಪ್ಪಾದೀತೆಂಬಂತೆ ಒಂದೊಂದೇ ಅಕ್ಷರ ಇಟ್ಟು.

"ಎಡ ಕೈಯಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದೇ ನಡೆಯತೊಡಗಿದ್ದು ಕೇಳಿಸಿತು, ಬಾಗಿಲೊಂದು ತೆರೆಯಿತು. ಒಳಗೆ ಕಾಗದ ಮಡಚುವ ಸದ್ದು, ಲಕೋಟೆಗೆ ಪತ್ರಿಕೆ ತುಂಬುವ ಸದ್ದು, ಮತ್ತೆ ಆ ಕೆಮ್ಮು.

"ಅಪ್ಪಾ," ಎಂದಳು ಪ್ರತೀಕ್ಷಾ. "ಅಂಗಿಯ ತೋಳು ಮೇಲೆ ಮಾಡಿ."

ಕಾಗದದ ಸದ್ದು ನಿಂತಿತು.